ಕೆಮಿಸ್ಟ್ ಮೇಡಂಗೆ ಸನ್ಮಾನ ಮಾಡಿಸಿದ್ದು ನಾನು

ಸನ್ಮಾನ ಅಂತ ಒಂದು ಇಟ್ಟುಕೊಂಡರೆ ಅದರ ಜೊತೆಗೆ ಒಂದು ಎಡವಟ್ಟು ತಾನಾಗಿಯೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತದೆ. ಹಾರ ಚಿಕ್ಕದಾಗಿ ಕಿವಿಯ ಮೇಲೆ ನಿಲ್ಲುತ್ತದೆ. ಶಾಲನ್ನು ಪಕ್ಕದ ಕುರ್ಚಿಯವರಿಗೆ ಹೊದಿಸಿಬಿಡುತ್ತಾರೆ. ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಮೈಕು ಸಾಯುತ್ತದೆ. ಸಮುದ್ರ ದಾಟಿ ಲಂಡನ್ನಿಗೆ ಬಂದರೆ ಇದೆಲ್ಲ ತಪ್ಪೀತು ಅಂದುಕೊಂಡಿದ್ದೆ. ತಪ್ಪಲಿಲ್ಲ. ನಾನೂ ಇಲ್ಲಿಗೇ ಬಂದಿದ್ದೆನಲ್ಲ, ಅದಕ್ಕೆ ಇರಬಹುದು.

ನಾನು ಕೆಲಸ ಮಾಡಿದ್ದು ಪೂರ್ವ ಲಂಡನ್ನಿನಲ್ಲಿ, ಸ್ಟ್ರಾಟ್‌ಫರ್ಡಿನ ಹತ್ತಿರದ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ. ಈಗ ಅಲ್ಲಿ ಕಣ್ಣು ಕುಕ್ಕುವ ಶಾಪಿಂಗ್ ಸೆಂಟರು, ಒಲಿಂಪಿಕ್ ಪಾರ್ಕು ಎಲ್ಲ ಇದೆ. ಆಗ ಹಳೇ ಗೋದಾಮುಗಳು, ರೈಲು ಹಳಿಗಳು ಮತ್ತು ನಾನು. ನನ್ನ ಹುದ್ದೆ ಟೆಕ್ನಿಶಿಯನ್. ಊರಿಗೆ ಫೋನ್ ಮಾಡಿದಾಗ ಮಾತ್ರ ‘ಲ್ಯಾಬು ನಡೆಯೋದೇ ನನ್ನಿಂದ’ ಅನ್ನುತ್ತಿದ್ದೆ. ಅದರಲ್ಲಿ ಸುಳ್ಳೇನಿದೆ? ಬೆಳಗ್ಗೆ ಬೀಗ ತೆಗೆದು ಮೇನ್ ಸ್ವಿಚ್ ಹಾಕುತ್ತಿದ್ದವನು ನಾನೇ.

ನನ್ನ ಮೇಲಿನವರು ಮೇಡಂ. ಲ್ಯಾಬಿನ ಮುಖ್ಯ ಕೆಮಿಸ್ಟ್. ಕುಂದಾಪುರದ ಕಡೆಯವರು, ಬಿಳೀ ಕೋಟು, ಕೈಗಡಿಯಾರ ಬಿಟ್ಟರೆ ಬೇರೆ ಆಭರಣ ಇಲ್ಲ. ಹಾಲಿನಲ್ಲಿ ನೀರು, ಮೆಣಸಿನಪುಡಿಯಲ್ಲಿ ಇಟ್ಟಿಗೆಪುಡಿ, ಜೇನುತುಪ್ಪದಲ್ಲಿ ಸಕ್ಕರೆಪಾಕ, ಯಾವುದೇ ಕಲಬೆರಕೆ ಇರಲಿ, ಅವರ ಮೇಜಿಗೆ ಬಂದರೆ ಮುಗಿಯಿತು. ಅವರ ಕೈಕೆಳಗೆ ಕಲಿತ ಹುಡುಗ ಹುಡುಗಿಯರು ಈ ದೇಶದ ಲ್ಯಾಬುಗಳ ತುಂಬ ಇದ್ದಾರೆ. ಹೊಗಳಿಕೆ ಅಂದರೆ ಮಾತ್ರ ಮೇಡಂ ಬಾಗಿಲು ಹುಡುಕುತ್ತಿದ್ದರು. ಅಂಥವರಿಗೆ ನಮ್ಮ ಕನ್ನಡದವರ ಮುಂದೆ ಶಾಲು ಹೊದಿಸಿಯೇ ತೀರಬೇಕು ಅಂತ ನಾನು ಪಣ ತೊಟ್ಟೆ. ಆ ಪಣದ ಕಥೆ ಇದು.

ಇಂಗ್ಲಿಷರ ಹೊಗಳಿಕೆ

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಇಂಗ್ಲಿಷ್ ಕೆಮಿಸ್ಟುಗಳ ಒಂದು ಸಂಘದವರು ಮೇಡಂಗೆ ಪದಕ ಕೊಟ್ಟರು. ವೃತ್ತಿಗೆ ಸಲ್ಲಿಸಿದ ಸೇವೆಗೆ, ವಹಿಸಿದ ಮುಂದಾಳತ್ವಕ್ಕೆ ಅಂತ. ರಾತ್ರಿಯೂಟದ ಸಮಾರಂಭ. ಮೇಡಂ ಅವರ ಯಜಮಾನರಿಗೆ ಜ್ವರ ಬಂದದ್ದರಿಂದ ಜೊತೆಗೆ ನನ್ನನ್ನು ಕರೆದುಕೊಂಡು ಹೋದರು. ‘ಸುಮ್ಮನೆ ಕೂತು ಊಟ ಮಾಡಿ ಬರೂದು, ಆಯ್ತಾ?’ ಅಂತ ಹೋಗುವಾಗ ಟ್ಯೂಬ್ ರೈಲಿನಲ್ಲೇ ಹೇಳಿದ್ದರು.

ಹಳೇ ಕಟ್ಟಡ. ಗೋಡೆಯ ತುಂಬ ಸತ್ತುಹೋದ ಕೆಮಿಸ್ಟುಗಳ ತೈಲಚಿತ್ರ, ಕೆಳಗೆ ಕುರ್ಚಿಗಳ ತುಂಬ ಬದುಕಿರುವವರು. ಇಬ್ಬರ ಮುಖಭಾವದಲ್ಲೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಧ್ಯಕ್ಷರು ಎದ್ದು ಕನ್ನಡಕ ಏರಿಸಿ ಶುರು ಮಾಡಿದರು.

‘ಈಕೆಯ ಜೊತೆ ಕೆಲಸ ಮಾಡುವುದು ಅಷ್ಟೇನೂ ಸುಲಭವಲ್ಲ’ ಅಂದರು. ಎಲ್ಲರೂ ನಕ್ಕರು. ನಾನು ಚಮಚ ಕೆಳಗಿಟ್ಟೆ.

‘ಹಲವು ಸಭೆಗಳಲ್ಲಿ ಇವರು ನಮಗೆಲ್ಲ ಸಾಕಷ್ಟು ತೊಂದರೆ ಕೊಟ್ಟಿದ್ದಾರೆ’ ಅಂದರು. ಮತ್ತೆ ನಗು. ಕೆಲವರು ಮೇಜು ತಟ್ಟಿದರು.

‘ಕೆಲವೊಮ್ಮೆ ಇವರು ಹೇಳಿದ್ದು ಸರಿಯಾಗಿಯೂ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಒಟ್ಟಿನಲ್ಲಿ ನಮ್ಮ ವೃತ್ತಿಗೆ ಇವರಿಂದ ಒಂದಿಷ್ಟು ಉಪಯೋಗವಾಗಿದೆ’ ಅಂತ ಹೇಳಿ ಕೂತೇಬಿಟ್ಟರು.

ನನ್ನ ರಕ್ತ ಕುದಿಯಿತು. ಕರೆದು ಕೂರಿಸಿ, ಅರ್ಧ ಬೆಂದ ಕ್ಯಾರೆಟ್ ತಿನ್ನಿಸಿ, ಮೇಲೆ ಹೀಗೆ ಅವಮಾನ ಮಾಡುವುದೇ? ಮೇಡಂ ನನ್ನ ಕೋಟಿನ ತುದಿ ಹಿಡಿಯುವಷ್ಟರಲ್ಲಿ ನಾನು ಎದ್ದಿದ್ದೆ. ‘ಸರ್, ತಾವು ಮರೆತದ್ದನ್ನು ನಾನು ಸೇರಿಸುತ್ತೇನೆ’ ಅಂದೆ. ಇವರು ಸಾಕ್ಷಾತ್ ಸರಸ್ವತಿ ಅಂದೆ. ಹಾಲಿನವನು ನಡೆದು ಬರುವ ಶೈಲಿ ನೋಡಿಯೇ ಹಾಲಿಗೆ ಎಷ್ಟು ನೀರು ಸೇರಿದೆ ಅಂತ ಹೇಳುತ್ತಾರೆ ಅಂದೆ. ಇವರು ಕಾರಿಡಾರಿನಲ್ಲಿ ಬರುವ ಸದ್ದು ಕೇಳಿದರೆ ಕಲಬೆರಕೆ ಜೇನುತುಪ್ಪ ಬಾಟಲಿಯ ಒಳಗೇ ಎರಡಾಗಿ ಬೇರೆಯಾಗುತ್ತದೆ ಅಂದೆ. ಬಡಿಸುವವನು ಸಾಸ್ ಹಿಡಿದುಕೊಂಡು ನಿಂತಲ್ಲೇ ನಿಂತ.

ನಾನು ಕೂತ ಮೇಲೆ ನನ್ನ ಪಕ್ಕದ ಮುದುಕರೊಬ್ಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ‘ನಾನು ಎಷ್ಟೋ ವರ್ಷದಿಂದ ಈ ಹಾಲಿಗೆ ಬರುತ್ತಿದ್ದೇನೆ, ಇಷ್ಟು ಮನಬಿಚ್ಚಿ ಹೊಗಳಿದ್ದನ್ನು ಕೇಳಿಯೇ ಇರಲಿಲ್ಲ’ ಅಂದರು.

ನಾನು ತಲೆ ಬಾಗಿಸಿ, ‘ಅದೇನು ಮಹಾ ಬಿಡಿ, ಅಭ್ಯಾಸ’ ಅಂದೆ.

‘ನಿಮ್ಮದಲ್ಲ’ ಅಂದರು ಮುದುಕರು, ‘ನಮ್ಮ ಅಧ್ಯಕ್ಷರದ್ದು.’

ಬಿಸಿಬೇಳೆ ಭಾತಿಗೆ ಆರತಿ

ಆ ದಿನ ವಾಪಸು ಬರುವಾಗಲೇ ಹೇಳಿದೆ. ‘ಮೇಡಂ, ಇವರ ಕೈಲಿ ಆಗಲ್ಲ. ನಮ್ಮ ಕನ್ನಡ ಸಂಘದಿಂದ ಸರಿಯಾದ ಸನ್ಮಾನ ಆಗಬೇಕು.’

ಮೇಡಂ ಪದಕದ ಡಬ್ಬಿಯನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. ‘ಹ್ವಾಯ್, ಬ್ಯಾಡ ಮಾರಾಯ್ರೆ. ಜೀವನ ಪೂರ್ತಿ ಕಲಬೆರಕೆ ಹಿಡಿದವಳು ನಾನು. ನಿಮ್ಮ ಸಂಘದವರು ಒಂದು ಚಮಚ ನಿಜಕ್ಕೆ ಒಂದು ಕೊಡ ನೀರು ಹಾಕಿ ಹೊಗಳ್ತಾರೆ. ಅದನ್ನ ಕೇಳ್ತಾ ನಾನು ವೇದಿಕೆ ಮೇಲೆ ತಲೆ ಆಡಿಸ್ತಾ ಕೂತ್ರೆ ನಾಳೆ ಲ್ಯಾಬಲ್ಲಿ ಯಾವ ಮುಖ ಇಟ್ಕೊಂಡು ಹಾಲು ಫೇಲ್ ಮಾಡೂದು?’

ವರ್ಷಗಳು ಹೋದವು, ಇದೇ ಉತ್ತರ. ನಿವೃತ್ತಿಯ ವರ್ಷ ಹತ್ತಿರ ಬಂತು. ಅಷ್ಟರಲ್ಲಿ ನಾನು ಸಂಘದ ಕಾರ್ಯದರ್ಶಿಗೆ ‘ಮೇಡಂ ಒಪ್ಪಿದ್ದಾರೆ, ನನ್ನ ಮಾತು ತೆಗೆದುಹಾಕೋದಿಲ್ಲ’ ಅಂತ ಹೇಳಿಯಾಗಿತ್ತು. ಕಾರ್ಯದರ್ಶಿ ಬೆಂಗಳೂರಿನ ಹುಡುಗ, ಕ್ಯಾನರಿ ವಾರ್ಫಿನಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಅವನು ಹಾಲ್ ಬುಕ್ ಮಾಡಿ, ಎಲ್ಲರಿಗೂ ಇಮೇಲ್ ಕಳಿಸಿಬಿಟ್ಟ. ಮನೆಯಲ್ಲಿ ಹೇಳಿದರೆ ನನ್ನವಳು ಕಾಫಿ ಸೋಸುತ್ತಾ ಅಂದಳು, ‘ಮೇಡಂ ಬರದಿದ್ರೂ ಶಾಲು ದಂಡವಾಗಲ್ಲ ಬಿಡಿ. ನೀವು ಮುಖ ಮುಚ್ಕೊಳ್ಳೋಕೆ ಬೇಕಾಗುತ್ತೆ.’

ಆಗ ದೇವರು ಕಳಿಸಿದ ಹಾಗೆ ದಕ್ಷಿಣ ಲಂಡನ್ನಿನ ಸಟನ್‌ನಲ್ಲಿ ಒಂದು ಗೃಹಪ್ರವೇಶ ಬಂತು. ಮಗನಿಗೆ ಪರೀಕ್ಷೆ ಬರೆಸಿ ಅಲ್ಲಿನ ಗ್ರಾಮರ್ ಸ್ಕೂಲಿಗೆ ಸೇರಿಸಬೇಕು ಅಂತಲೇ ಆ ಕಡೆ ಮನೆ ತೆಗೆದುಕೊಂಡಿದ್ದ ಸಂಸಾರ. ಮೇಡಂ ಕೂಡ ಬಂದಿದ್ದರು. ಪೂಜೆ ಮುಗಿದು, ಅಡಿಗೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಟೇಬಲ್ಲಿನ ಮೇಲಿಟ್ಟು, ‘ಹಿರಿಯರು ನೀವು, ನೀವೇ ಶುರು ಮಾಡಿ’ ಅಂತ ಮೇಡಂ ಅವರನ್ನು ಸಾಲಿನ ಮೊದಲಿಗೆ ನಿಲ್ಲಿಸಿದರು.

ಕೆಮಿಸ್ಟುಗಳಿಗೆ ಒಂದು ಅಭ್ಯಾಸ ಇರುತ್ತದೆ. ಯಾವ ಪಾತ್ರೆಗೂ ಮೂಗು ಇಟ್ಟು ಮೂಸುವುದಿಲ್ಲ. ದೂರ ನಿಂತು, ಅಂಗೈಯಿಂದ ಆವಿಯನ್ನು ಮೆಲ್ಲಗೆ ಮುಖದ ಕಡೆ ಬೀಸಿಕೊಂಡು ವಾಸನೆ ನೋಡುತ್ತಾರೆ. ಒಳಗಿರುವುದು ವಿಷವಾದರೆ ಜೀವ ಉಳಿಯಲಿ ಅಂತ. ಮೇಡಂ ಬಿಸಿಬೇಳೆ ಭಾತಿನ ಮುಚ್ಚಳ ತೆಗೆದರು. ಹಬೆ ಎದ್ದಿತು. ಅಭ್ಯಾಸಬಲ, ಎರಡೂ ಕೈಯಿಂದ ಹಬೆಯನ್ನು ಮುಖದ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದು, ಬಡಿಸಿಕೊಂಡು ಮುಂದೆ ಹೋದರು.

ಅವರ ಹಿಂದೆ ಇದ್ದವರು ಮನೆಯೊಡೆಯನ ತಾಯಿ. ಮೈಸೂರಿನಿಂದ ಆ ವಾರ ತಾನೇ ಬಂದವರು. ನೈವೇದ್ಯದ ಪಾತ್ರೆ ಇರಬೇಕು, ಆರತಿ ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಂಡು, ಅವರೂ ಹಬೆಯ ಮೇಲೆ ಎರಡೂ ಕೈ ಆಡಿಸಿ ಕಣ್ಣಿಗೊತ್ತಿಕೊಂಡರು. ಅಜ್ಜಿ ಮಾಡಿದ್ದನ್ನು ನೋಡಿ ಅವರ ಹಿಂದಿನ ಇಬ್ಬರು ಹೆಂಗಸರು. ಅವರನ್ನು ನೋಡಿ ಅವರ ಗಂಡಂದಿರು. ಸಾಫ್ಟ್‌ವೇರ್ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾಕೆ ಬೇಕು ರಿಸ್ಕು ಅಂತ, ಅವರೂ. ಸಾಲು ಮೆಲ್ಲಗೆ ಸರಿಯುತ್ತಿದೆ, ಒಬ್ಬೊಬ್ಬರೂ ಬಿಸಿಬೇಳೆ ಭಾತಿಗೆ ಕೈ ಮುಗಿದು ಹಪ್ಪಳಕ್ಕೆ ಹೋಗುತ್ತಿದ್ದಾರೆ. ಒಬ್ಬಾತ ಕೆನ್ನೆ ಕೆನ್ನೆ ಬಡಿದುಕೊಂಡ. ಕೊನೆಯಲ್ಲಿ ಪಕ್ಕದ ಮನೆಯ ಇಂಗ್ಲಿಷ್ ದಂಪತಿ ಇದ್ದರು. ಅವರು ಶ್ರದ್ಧೆಯಿಂದ ಮಾಡಿ, ‘ಇದು ಯಾವ ದೇವರು?’ ಅಂತ ನನ್ನನ್ನು ಕೇಳಿದರು.

‘ಭಾನುವಾರದ್ದು’ ಅಂದೆ.

ಮೇಡಂ ಮೂಲೆಯಲ್ಲಿ ತಟ್ಟೆ ಹಿಡಿದು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಮುಖದಲ್ಲಿ ನಾನು ಎಂದೂ ಕಾಣದ ಸಂತೋಷ. ನನ್ನನ್ನು ಹತ್ತಿರ ಕರೆದು ಅಂದರು, ‘ಎಂತ ಮಾರಾಯ್ರೆ, ನಮ್ಮವರಲ್ಲಿ ಇಷ್ಟು ಜನ ಕೆಮಿಸ್ಟುಗಳಿದ್ದಾರೆ ಅಂತ ನೀವು ಹೇಳಲೇ ಇಲ್ಲ.’

ಷರತ್ತು

ಇಂಥ ಸಮಯ ಮತ್ತೆ ಸಿಗುತ್ತದೆಯೇ? ಅಲ್ಲೇ, ಹಪ್ಪಳ ಕೈಲಿರುವಾಗಲೇ, ಸನ್ಮಾನದ ಮಾತು ತೆಗೆದೆ. ‘ನೋಡಿ ಮೇಡಂ, ಇಂಥ ವಿಜ್ಞಾನಿಗಳ ಸಭೆ ನಿಮ್ಮನ್ನು ಕರೀತಾ ಇದೆ.’

ಮೇಡಂ ಯೋಚಿಸಿದರು. ‘ಸರಿ. ಒಂದು ಷರತ್ತು’ ಅಂದರು. ‘ನನ್ನ ಕೆಲಸದ ಬಗ್ಗೆ ಮೂರು ಜನ ಮಾತಾಡಬೇಕು. ಒಂದೇ ಸ್ಯಾಂಪಲ್ಲನ್ನ ಮೂರು ಜನಕ್ಕೆ ಬೇರೆ ಬೇರೆ ಕೊಟ್ಟ ಹಾಗೆ. ಒಬ್ಬರು ಏನು ಹೇಳ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಿರಬಾರದು. ಮೂವರ ಮಾತೂ ತಾಳೆಯಾದರೆ ನಂಬ್ತೇನೆ, ಶಾಲು ಹೊದೀತೇನೆ. ಆಗದಿದ್ರೆ ಎದ್ದು ಮನೆಗೆ ಹೋಗ್ತೇನೆ.’

‘ಒಬ್ಬ ನಾನು’ ಅಂದೆ.

‘ಅದೇ ಹೆದರಿಕೆ’ ಅಂದರು. ‘ಆದರೆ ಹೆಚ್ಚು ವರ್ಷ ಜೊತೆಗಿದ್ದವರು ನೀವೇ. ಇರಲಿ.’

ಉಳಿದಿಬ್ಬರಲ್ಲಿ ಒಬ್ಬರು ಲ್ಯಾಬಿನ ಇಂಗ್ಲಿಷ್ ಸಹೋದ್ಯೋಗಿ, ಮೇಡಂ ಪಕ್ಕದ ಮೇಜಿನಲ್ಲಿ ಇಡೀ ಆಯುಷ್ಯ ಕಳೆದವರು, ಹವಾಮಾನ ಬಿಟ್ಟು ಬೇರೆ ವಿಷಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇನ್ನೊಬ್ಬರು ಈಸ್ಟ್ ಹ್ಯಾಮಿನಲ್ಲಿ ಹೋಟೆಲು ಇಟ್ಟಿರುವ ಉಡುಪಿಯ ರಾಯರು. ಇಬ್ಬರೂ ಒಂದೇ ವಾರದಲ್ಲಿ ನನಗೆ ಫೋನ್ ಮಾಡಿದರು. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ. ಪ್ರಶ್ನೆ ಒಂದೇ: ಏನು ಮಾತಾಡಬೇಕು?

ಮೇಡಂಗೆ ಬೇಕಾದದ್ದೇನು? ಮೂರು ಮಾತು ತಾಳೆಯಾಗಬೇಕು. ತಾಳೆಯಾಗುವುದನ್ನು ಅದೃಷ್ಟಕ್ಕೆ ಬಿಡುವುದಕ್ಕೆ ನಾನೇನು ಎಳೆಯನೇ? ‘ನೀವು ಆರಾಮಾಗಿರಿ, ನಾನೇ ಬರೆದುಕೊಡ್ತೀನಿ’ ಅಂದೆ ಇಬ್ಬರಿಗೂ.

ಕೊಡುವುದೇನು

ಸಂಘದ ಸಮಿತಿ ರಾಯರ ಹೋಟೆಲಿನಲ್ಲಿ ಸೇರಿತು. ಒಂದು ಸೆಟ್ ದೋಸೆ ಮುಗಿಯುವ ಹೊತ್ತಿಗೆ ಹೂವು, ಮೈಕು, ಪ್ರಾರ್ಥನೆ ಹಾಡುವ ಹುಡುಗಿ ಎಲ್ಲ ತೀರ್ಮಾನವಾಯಿತು. ಮೇಡಂಗೆ ಕೊಡುವುದೇನು ಅನ್ನುವಲ್ಲಿ ಸಭೆ ನಿಂತುಹೋಯಿತು.

‘ಬೆಳ್ಳಿ ತಟ್ಟೆ’ ಅಂದ ಕಾರ್ಯದರ್ಶಿ.

‘ಪೂರ್ತಿ ಬೆಳ್ಳಿಯೋ, ಮೇಲೆ ಬಳಿದದ್ದೋ?’ ಅಂದರು ರಾಯರು. ‘ಅವರು ಸೋಮವಾರ ಲ್ಯಾಬಿಗೆ ತಗೊಂಡು ಹೋಗ್ತಾರೆ ಕಾಣಿ. ಮಂಗಳವಾರ ಸಂಘದ ಮರ್ಯಾದೆ ಗುಡಿಸಿ ಹಾಕಬೇಕಾಗ್ತದೆ.’

ಬೆಳ್ಳಿ ಹೋಯಿತು. ಕೊಡಗಿನ ಜೇನುತುಪ್ಪ ಅಂದರು ಒಬ್ಬರು. ಎಲ್ಲರೂ ಅವರನ್ನೇ ನೋಡಿದ ಮೇಲೆ ತಾವೇ ವಾಪಸು ತೆಗೆದುಕೊಂಡರು. ಗಂಧದ ಹಾರ? ಅದರಲ್ಲಿ ಗಂಧ ಎಷ್ಟು, ಸೆಂಟು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಮೈಸೂರು ಪಾಕು? ‘ತುಪ್ಪ ನಂದೇ, ಆದ್ರೂ ಬ್ಯಾಡ’ ಅಂದರು ರಾಯರು, ಸ್ವಲ್ಪ ಬೇಗನೇ ಅಂದರು ಅಂತ ನನಗನ್ನಿಸಿತು. ಕೇಸರಿ, ಏಲಕ್ಕಿ, ಕಾಫಿಪುಡಿ, ಒಂದೊಂದೂ ಬಂತು, ಒಂದೊಂದೂ ಹೋಯಿತು. ಮೇಡಂ ಇಷ್ಟು ವರ್ಷ ಮಾಡಿದ ಕೆಲಸ ಎಂಥದ್ದು ಅಂತ ನಮಗೆ ನಿಜವಾಗಿ ಅರ್ಥವಾದದ್ದು ಆವತ್ತೇ. ಅಂಗಡಿಯಲ್ಲಿ ಸಿಗುವ ಯಾವ ವಸ್ತುವನ್ನೂ ಎದೆ ತಟ್ಟಿ ಅವರ ಕೈಗೆ ಕೊಡುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಕೊನೆಗೆ ಶಾಲೊಂದು ಇರಲೇಬೇಕು, ಅದನ್ನು ರೇಷ್ಮೆ ಗಿಷ್ಮೆ ಅಂತ ಯಾರೂ ಬಾಯಿ ಬಿಡಬಾರದು ಅಂತ ಠರಾವಾಯಿತು. ಕೈಗೆ ಕೊಡುವುದಕ್ಕೆ ಮಾತ್ರ ಮನುಷ್ಯಮಾತ್ರರು ಕಲಬೆರಕೆ ಮಾಡಲಾಗದ ಒಂದು ವಸ್ತುವನ್ನು ನಾನೇ ಸೂಚಿಸಿದೆ, ಸಭೆ ಒಮ್ಮತದಿಂದ ಒಪ್ಪಿತು.

ಹೀಗೆ ಈ ದೇಶದ ದೊಡ್ಡ ಕೆಮಿಸ್ಟ್ ಒಬ್ಬರಿಗೆ ಲಂಡನ್ ಕನ್ನಡಿಗರು ಕೊಡಲು ನಿಶ್ಚಯಿಸಿದ ಕಾಣಿಕೆ, ಜುಟ್ಟು ಸಮೇತ ಒಂದು ತೆಂಗಿನಕಾಯಿ.

ಕಾಮಧೇನು

ಸಮಾರಂಭ ಒಂದು ಶಾಲೆಯ ಹಾಲಿನಲ್ಲಿ. ಜನ ಚೆನ್ನಾಗಿ ಸೇರಿದ್ದರು. ಪ್ರಾರ್ಥನೆ ಆಯಿತು, ದೀಪ ಬೆಳಗಿದ್ದಾಯಿತು. ದೀಪದ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡು ಎಲ್ಲರೂ ಒಮ್ಮೆ ಕಾರ್ ಪಾರ್ಕಿಗೆ ಹೋಗಿ ವಾಪಸು ಬಂದದ್ದಾಯಿತು. ಅದು ಮಾಮೂಲು, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ನಾನು ಮಾತಾಡಿದೆ. ನನ್ನ ಬಾಯಿಂದಲೇ ಹೇಳಬಾರದು, ಅದ್ಭುತವಾಗಿತ್ತು. ‘ಜ್ಞಾನದ ಸಾಗರ, ಸತ್ಯದ ತಕ್ಕಡಿ, ರಸಾಯನ ಶಾಸ್ತ್ರದ ಕಾಮಧೇನು’ ಅಂತ ಮೂರು ಮೆಟ್ಟಿಲು ಹತ್ತಿ ಚಪ್ಪಾಳೆ ಗಿಟ್ಟಿಸಿ ಇಳಿದೆ. ಮೇಡಂ ತುಟಿ ಬಿಗಿಹಿಡಿದು ಕೂತಿದ್ದರು. ಎದ್ದು ಹೋಗಲಿಲ್ಲವಲ್ಲ, ಅಷ್ಟು ಸಾಕು.

ಎರಡನೆಯವರು ರಾಯರು. ಗಂಟಲು ಸರಿಮಾಡಿಕೊಂಡು, ‘ಜ್ಞಾನದ ಸಾಗರ, ಸತ್ಯದ ತಕ್ಕಡಿ, ರಸಾಯನ ಶಾಸ್ತ್ರದ ಕಾಮಧೇನು’ ಅಂದರು. ಸಭೆಯಲ್ಲಿ ಸಣ್ಣ ಗುಜುಗುಜು. ಮೇಡಂ ಕತ್ತು ನನ್ನ ಕಡೆ ತಿರುಗಿತು. ನಾನು ಸೀಲಿಂಗಿನ ಫ್ಯಾನು ನೋಡಿದೆ. ಆ ಹಾಲಿನಲ್ಲಿ ಸೀಲಿಂಗ್ ಫ್ಯಾನು ಇರಲಿಲ್ಲ.

ಮೂರನೆಯವರು ಇಂಗ್ಲಿಷ್ ಸಹೋದ್ಯೋಗಿ. ಅವರು ವೇದಿಕೆ ಹತ್ತುವ ಮೊದಲೇ ನನ್ನನ್ನು ಮೂಲೆಗೆ ಎಳೆದು, ಬೆವರುತ್ತಾ ಕೇಳಿದ್ದರು. ‘ಈ ಹಸುವಿನ ಸಾಲು... ಇದನ್ನು ಹೇಳಲೇಬೇಕೇ?’

‘ಹೇಳಲೇಬೇಕು ಸರ್. ನಮ್ಮಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.’

‘ನಮ್ಮಲ್ಲಿ ಒಬ್ಬ ಹೆಂಗಸಿಗೆ ಈ ಮಾತು ಹೇಳಿದರೆ ಊರು ಬಿಡಬೇಕಾಗುತ್ತದೆ’ ಅಂದರು ಪಾಪ.

ಆದರೂ ಕೊಟ್ಟ ಮಾತಿಗೆ ತಪ್ಪುವ ಜನ ಅಲ್ಲ ಅವರು. ವೇದಿಕೆಯ ಮೇಲೆ ನಿಂತು, ಮೇಡಂ ಕಡೆ ನೋಡದೆ, ಹಿಂದಿನ ಗೋಡೆಯ ಗಡಿಯಾರಕ್ಕೆ ಹೇಳುವವರ ಹಾಗೆ ಇಂಗ್ಲಿಷಿನಲ್ಲಿ ಓದಿದರು. ಇವರು ಜ್ಞಾನದ ಸಾಗರ. ಸತ್ಯದ ತಕ್ಕಡಿ. ಆಮೇಲೆ ಸ್ವಲ್ಪ ನಿಂತು, ಉಸಿರು ತೆಗೆದುಕೊಂಡು, ಇವರು ನಮ್ಮ ಲ್ಯಾಬಿನ, ಬೇಡಿದ್ದು ಕೊಡುವ ಹಸು. ‘ಕ್ಷಮಿಸಿ’ ಅಂತ ತಮ್ಮದೇ ಒಂದು ಮಾತು ಸೇರಿಸಿ, ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಧುಮುಕಿ ಇಳಿದರು.

ಮೇಡಂ ಎದ್ದು ಮೈಕ್ ಹಿಡಿದರು. ಸಿಟ್ಟಿಲ್ಲ, ನಗುವಿಲ್ಲ, ಲ್ಯಾಬಿನಲ್ಲಿ ಪಾಠ ಹೇಳುವ ದನಿ. ‘ಮೂರೂ ತಾಳೆಯಾಗಿದೆ. ಅದೇ ತಪ್ಪು’ ಅಂದರು. ‘ಒಂದೇ ಪಾತ್ರೆಯ ನೀರನ್ನ ಮೂರು ಜನ ಅಳೆದರೂ ಸ್ವಲ್ಪ ಹೆಚ್ಚುಕಮ್ಮಿ ಬಂದೇ ಬರ್ತದೆ. ಕೈ ಬೇರೆ, ಕಣ್ಣು ಬೇರೆ ಅಲ್ದಾ? ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂದ್ರೆ ಅಳೆದವನು ಒಬ್ಬ, ಕಾಪಿ ಹೊಡೆದವರು ಇಬ್ಬರು ಅಂತ ಅರ್ಥ. ನನ್ನ ಲ್ಯಾಬಿನಲ್ಲಿ ಇಂಥ ಫಲಿತಾಂಶ ಬಂದ್ರೆ ನಾನು ಸಹಿ ಹಾಕೂದಿಲ್ಲ. ಪರೀಕ್ಷೆ ಮತ್ತೆ ಮಾಡಿ.’

ಶಾಲು ಕಾರ್ಯದರ್ಶಿಯ ಕೈಯಲ್ಲೇ ಉಳಿಯಿತು. ಮೇಡಂ ಕೆಳಗಿಳಿದು, ಸಾಲಿನಲ್ಲಿ ನಿಂತು, ಊಟ ಮಾತ್ರ ಮಾಡಿ ಹೋದರು.

ಕಾರ್ಯದರ್ಶಿ ನನ್ನ ಹತ್ತಿರ ಬಂದ. ‘ಅಂಕಲ್, ಈ ದೇಶದಲ್ಲಿ ಡ್ರೈವಿಂಗ್ ಟೆಸ್ಟಲ್ಲಿ ಫೇಲ್ ಆದೋರನ್ನ ನೋಡಿದೀನಿ. ಸನ್ಮಾನದಲ್ಲಿ ಫೇಲ್ ಆಗಿದ್ದು ನಮ್ಮ ಸಂಘ ಒಂದೇ.’

ಮರುಪರೀಕ್ಷೆ

ಮೇಡಂ ನಿವೃತ್ತರಾಗಿ ಯಜಮಾನರ ಜೊತೆ ಸ್ಕಾಟ್ಲೆಂಡಿಗೆ, ಮಗಳ ಊರಿಗೆ ಹೊರಟಿದ್ದರು. ಇನ್ನೊಂದು ಅವಕಾಶ ಅಷ್ಟೇ ಇದ್ದದ್ದು. ಈ ಸಲ ರಾಯರ ಹೋಟೆಲಿನ ಮಹಡಿಯ ಮೇಲೆ ಸೇರಿದೆವು. ತೆಂಗಿನಕಾಯಿ ಬೇರೆ ತರಬೇಕಾಯಿತು. ಮೊದಲನೆಯದನ್ನು ರಾಯರ ಅಡಿಗೆಯವನು ಚಟ್ನಿ ಮಾಡಿದ್ದ. ಹೊರಡುವಾಗ ನನ್ನವಳು ಬಾಗಿಲಲ್ಲೇ ನಿಲ್ಲಿಸಿ, ‘ಒಂದು ಸಲ, ಒಂದೇ ಒಂದು ಸಲ, ಕಣ್ಣಲ್ಲಿ ನೋಡಿದ್ದನ್ನ ಮಾತ್ರ ಹೇಳಿ. ಏನೂ ಸೇರಿಸಬೇಡಿ. ನಿಮ್ಮ ಬಾಯಿಂದ ಅವರ ಸನ್ಮಾನ ಎರಡನೇ ಸಲ ಹಾಳಾಗಬಾರದು’ ಅಂದಳು. ನನಗೂ ಅದೇ ಹೆದರಿಕೆ. ಒಪ್ಪಿದೆ.

ಇಂಗ್ಲಿಷ್ ಸಹೋದ್ಯೋಗಿ ಮೊದಲು ಎದ್ದರು. ‘ಇಷ್ಟು ವರ್ಷ ಇವರ ಪಕ್ಕದಲ್ಲಿ ಕೂತಿದ್ದೆ. ಇವರು ಹೇಳಿದ್ದು ಸರಿಯಾಗಿರುತ್ತಿತ್ತು. ಬಹುಪಾಲು’ ಅಂತ ಹೇಳಿ ಕೂತರು. ಇಂಗ್ಲಿಷರ ಲೆಕ್ಕ ಈಗ ನನಗೆ ಗೊತ್ತಿತ್ತು. ಎದ್ದು ಕಾಲಿಗೆ ಬಿದ್ದಷ್ಟಾಯಿತು ಅದು.

ಆಮೇಲೆ ರಾಯರು. ‘ಕೌನ್ಸಿಲಿನ ಆಹಾರ ತಪಾಸಣೆಯವರು ನನ್ನ ಹೋಟೆಲಿಂದ ಜಿಲೇಬಿ ತಗೊಂಡು ಹೋದ್ರು. ಅದು ಇವರ ಮೇಜಿಗೆ ಹೋಯ್ತು. ಬಣ್ಣ ಸರಿಯಿಲ್ಲ ಅಂತ ಇವರು ಫೇಲ್ ಮಾಡಿದ್ರು. ನಮ್ಮೂರ ಕಡೆಯವರು ಅಂತ ಹೇಳಿ ಕಂಡೆ, ಕೇಳಲಿಲ್ಲ. ಮರುವಾರ ರಜಾದಿನ ತಾವೇ ಬಂದು, ಅಡಿಗೆಮನೆಯಲ್ಲಿ ನಿಂತು, ಸುತ್ತಮುತ್ತಲ ಹೋಟೆಲಿನವರನ್ನೆಲ್ಲ ಕರೆಸಿ, ಯಾವ ಬಣ್ಣ ಹಾಕಬಹುದು, ಯಾವುದು ಮಕ್ಕಳ ಹೊಟ್ಟೆಗೆ ಕೆಟ್ಟದ್ದು ಅಂತ ಪಾಠ ಮಾಡಿದ್ರು. ಊಟ ಮಾಡಿ ಅಂದ್ರೆ ದುಡ್ಡು ಕೊಟ್ಟೇ ಊಟ ಮಾಡಿದ್ರು. ನನಗೆ ಇವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಲಿಲ್ಲ’ ಅಂತ ಮುಗಿಸಿದರು. ಮೇಡಂ ತಲೆಯಾಡಿಸಿದರು. ನಾನು ನೋಡಿದ ಹಾಗೆ ಅದು ಪಾಸ್ ಮಾರ್ಕು.

ಈಗ ನನ್ನ ಸರದಿ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

ನಮ್ಮ ಲ್ಯಾಬನ್ನು ಕ್ಯಾನರಿ ವಾರ್ಫಿನ ಒಂದು ಗಾಜಿನ ಕಟ್ಟಡಕ್ಕೆ ಸಾಗಿಸಬೇಕು ಅಂತ ಮೇಲಿನವರು ಒಮ್ಮೆ ಯೋಜನೆ ಹಾಕಿದ್ದರು. ಸಲಹೆ ಕೊಡುವ ಕಂಪನಿಯ ಮೂವರು ಸೂಟಿನವರು ಬಂದರು. ಆವಿ, ಹೊಗೆ, ಕೆಟ್ಟ ಗಾಳಿ ಎಲ್ಲವನ್ನೂ ಎಳೆದು ಚಿಮಣಿಯಿಂದ ಹೊರಗೆ ಬಿಡುವ ದೊಡ್ಡ ಫ್ಯಾನುಗಳು ನಮ್ಮಲ್ಲಿದ್ದವು. ಹೊಸ ಕಟ್ಟಡದಲ್ಲಿ ಅವಕ್ಕೆ ಜಾಗವಿಲ್ಲ, ಅವು ಬೇಡ ಅಂತ ಅವರ ವಾದ. ಅಲ್ಲಿ ತೆರೆಯುವ ಕಿಟಕಿಯೂ ಇರಲಿಲ್ಲ. ಹಾಗಾಗಿದ್ದರೆ ದಿನವೆಲ್ಲ ಆ ಗಾಳಿ ಕುಡಿಯಬೇಕಾದವರು ನಾವು ಟೆಕ್ನಿಶಿಯನ್‌ಗಳು. ಮೇಡಂ ವಾದ ಮಾಡಲಿಲ್ಲ. ‘ಮೀಟಿಂಗ್ ನಮ್ಮ ಸ್ಯಾಂಪಲ್ ರೂಮಿನಲ್ಲೇ ಆಗಲಿ’ ಅಂದರು. ಅವತ್ತು ಪರೀಕ್ಷೆಗೆ ಬಂದಿದ್ದ ಸ್ಯಾಂಪಲ್ಲು ಹಸೀ ಇಂಗು. ದೊಡ್ಡ ಡಬ್ಬಿ. ಕಿಟಕಿ ಮುಚ್ಚಿಸಿದರು, ಫ್ಯಾನು ಆರಿಸಿದರು. ‘ನಿಮ್ಮ ಯೋಜನೆಯಲ್ಲಿ ಹೇಗಿದೆಯೋ ಹಾಗೇ ಇಟ್ಟಿದ್ದೇವೆ. ನೀವು ಮಾತಾಡಿ, ನಮ್ಮ ಕೆಲಸ ನಡೀತಾ ಇರ್ತದೆ’ ಅಂತ ನನಗೆ ಕಣ್ಸನ್ನೆ ಮಾಡಿದರು. ನಾನು ಡಬ್ಬಿ ತೆರೆದೆ.

ಮೊದಲು ಮೂವರೂ ತಂತಮ್ಮ ಶೂಗಳ ಅಡಿ ನೋಡಿಕೊಂಡರು. ಆಮೇಲೆ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ಮಾತಿಗೆ ಮೊದಲು ಕಣ್ಣಲ್ಲಿ ನೀರು ಬಂತು. ಹಿರಿಯವರು ಟೈ ಸಡಿಲಿಸಿ, ‘ಆ ಫ್ಯಾನು ಸ್ವಲ್ಪ ಹಾಕಬಹುದೇ?’ ಅಂದರು.

‘ಯಾವ ಫ್ಯಾನು?’ ಅಂದರು ಮೇಡಂ. ‘ಯೋಜನೆಯಲ್ಲಿ ಫ್ಯಾನು ಇಲ್ಲವಲ್ಲ.’

ಫ್ಯಾನುಗಳು ಉಳಿದವು, ಲ್ಯಾಬೂ ಇದ್ದಲ್ಲೇ ಉಳಿಯಿತು. ಅವರನ್ನು ಸ್ಟೇಷನ್ನಿಗೆ ಬಿಟ್ಟು ಬರಲು ಹೋದವನು ನಾನು. ಕ್ಯಾನರಿ ವಾರ್ಫಿಗೆ ಹೋಗುವ, ಡ್ರೈವರ್ ಇಲ್ಲದ ಆ ಪುಟ್ಟ ರೈಲಿಗೆ ಅವರು ಹತ್ತಿದರು. ಬಾಗಿಲು ಮುಚ್ಚುವುದರೊಳಗೆ ಆ ಬೋಗಿಯಲ್ಲಿದ್ದವರೆಲ್ಲ ಇಳಿದು ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಪಕ್ಕ ನಿಂತಿದ್ದರು. ‘ಆ ಫ್ಯಾನಿನಿಂದಾಗಿ ನಾನು ಇವತ್ತು ಉಬ್ಬಸವಿಲ್ಲದೆ ಮಾತಾಡುತ್ತಿದ್ದೇನೆ’ ಅಂತ ಹೇಳಿ ಮುಗಿಸಿದೆ. ಒಂದಕ್ಷರ ಸೇರಿಸಿರಲಿಲ್ಲ.

ಸಭೆ ಬಿದ್ದು ಬಿದ್ದು ನಕ್ಕಿತು. ‘ಅಂಕಲ್ ಶುರು ಹಚ್ಕೊಂಡ್ರು’ ಅಂದ ಒಬ್ಬ. ‘ಇಂಗಿಗೆ ಲ್ಯಾಬ್ ಉಳೀತಂತೆ, ರೈಲು ಖಾಲಿ ಆಯ್ತಂತೆ’ ಅಂದಳು ಒಬ್ಬಳು. ‘ಅಲ್ರೀ, ನಿಜ ಹೇಳ್ತಿದೀನಿ’ ಅಂದೆ. ನಗು ಇನ್ನೂ ಜೋರಾಯಿತು. ನನ್ನವಳು ಕೂಡ ಹಣೆ ಚಚ್ಚಿಕೊಂಡಳು. ಕಾರ್ಯದರ್ಶಿ ಶಾಲನ್ನು ಮೆಲ್ಲಗೆ ಮಡಚತೊಡಗಿದ.

ಮೇಡಂ ಎದ್ದರು. ನಗು ನಿಂತಿತು.

‘ಇವರು ಹೇಳಿದ್ದರಲ್ಲಿ ಒಂದು ತಪ್ಪಿದೆ’ ಅಂದರು. ‘ಖಾಲಿಯಾದದ್ದು ಒಂದು ಬೋಗಿ ಅಲ್ಲ. ಆ ಹಿರಿಯವರೇ ಮರುದಿನ ನನಗೆ ಫೋನ್ ಮಾಡಿ ಹೇಳಿದ್ರು. ತಮ್ಮದೇ ವಾಸನೆ ತಡೀಲಿಕ್ಕಾಗದೆ ಮುಂದಿನ ಸ್ಟೇಷನ್ನಿನಲ್ಲಿ ಅವರು ಪಕ್ಕದ ಬೋಗಿಗೆ ಹೋದ್ರಂತೆ. ಅದೂ ಖಾಲಿಯಾಯ್ತು. ಉಳಿದದ್ದೆಲ್ಲ ಇವರು ಹೇಳಿದ ಹಾಗೇ ನಡೆದದ್ದು. ಪರೀಕ್ಷೆ ಸರಿಯಾಗಿದೆ. ಒಪ್ಪಿದೆ.’

ಕಾರ್ಯದರ್ಶಿ ನಿಟ್ಟುಸಿರು ಬಿಟ್ಟ. ‘ಪಾಪ ಮೇಡಂ. ಇಷ್ಟು ವರ್ಷ ಅಂಕಲ್ ಜೊತೆ ಕೆಲಸ ಮಾಡಿ ಮಾಡಿ, ಅವರಿಗೂ ಅಂಟಿಕೊಂಡಿದೆ.’ ಹೋಟೆಲಿನ ಮಹಡಿ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು.

ಮೇಡಂ ಮೈಕ್ ಹಿಡಿದುಕೊಂಡೇ ಬೆಪ್ಪಾಗಿ ನಿಂತಿದ್ದರು. ಆಯುಷ್ಯದಲ್ಲಿ ಅವರ ಮಾತನ್ನು ಯಾರೂ ನಂಬದೇ ಇದ್ದದ್ದು ಅದೇ ಮೊದಲು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, ‘ಹ್ವಾಯ್, ನಿಜ ಹೇಳಿದ್ರೂ ನಂಬೂದಿಲ್ಲ ಅಂದ್ರೆ ಎಂತ ಮಾಡೂದು ಮಾರಾಯ್ರೆ?’

ಈ ಒಂದು ವಿಷಯದಲ್ಲಿ ಅವರಿಗಿಂತ ನನ್ನ ಅನುಭವ ದೊಡ್ಡದು. ‘ಸ್ವಲ್ಪ ದಿನ ಕಷ್ಟ ಆಗುತ್ತೆ ಮೇಡಂ, ಆಮೇಲೆ ಅಭ್ಯಾಸ ಆಗುತ್ತೆ’ ಅಂದೆ. ‘ಈಗ ಶಾಲು ಹೊದ್ಕೊಳ್ಳಿ.’